ಒಂದು ಟಿ.ವಿ., ಎರಡು ಡಿಶ್

ಗದುಗಿನ ನಮ್ಮ ಓಣಿಯಲ್ಲಿ ಪ್ರತಿ ಮನೆಯ ಮಾಳಿಗೆಯ ಮೇಲೂ ಒಂದೊಂದು ಡಿಶ್ ಇದೆ. ನಮ್ಮ ಮನೆಯ ಮೇಲೆ ಮಾತ್ರ ಎರಡು. ಒಂದು ಆಗ್ನೇಯಕ್ಕೆ ಮುಖ ಮಾಡಿದ್ದರೆ ಇನ್ನೊಂದು ತುಸು ದಕ್ಷಿಣಕ್ಕೆ ಹೊರಳಿದೆ, ಮಾತು ಬಿಟ್ಟು ಒಂದೇ ಕಟ್ಟೆಯ ಮೇಲೆ ಕೂತ ವಾರಗಿತ್ತಿಯರ ಹಾಗೆ. "ಟೀಚರ್, ನಿಮ್ಮಲ್ಲಿ ಎರಡು ಟಿ.ವಿ. ಅದಾವೇನ್ರಿ?" ಎಂದು ಬಂದವರು ಕೇಳುತ್ತಾರೆ. ಒಂದೇ ಎಂದರೆ, "ಮತ್ತ ಎರಡು ಡಿಶ್ ಯಾಕ್ರಿ?" ಎನ್ನುತ್ತಾರೆ. ಆ 'ಯಾಕೆ'ಗೆ ನಿಂತ ನಿಲುವಿನಲ್ಲಿ ಉತ್ತರ ಹೇಳಲು ಬಾರದೆ ನಕ್ಕು ಸುಮ್ಮನಾಗುತ್ತೇನೆ. ಇಲ್ಲಿ ಸಾವಕಾಶವಾಗಿ ಹೇಳಬಹುದು.

ಎರಡನೆಯ ಡಿಶ್ ನನ್ನ ಅವ್ವನದು. ನಾವು ಇಬ್ಬರೂ ಹೆಣ್ಣುಮಕ್ಕಳೇ. ಅಪ್ಪ ಹೋದ ಮೇಲೂ ಅವ್ವ ರಾಯಚೂರು ಜಿಲ್ಲೆಯ ನಮ್ಮೂರಿನಲ್ಲಿ ಒಬ್ಬಳೇ ಇದ್ದಳು. ಕರೆದಾಗಲೆಲ್ಲ "ಮಗಳ ಮನ್ಯಾಗ ಎಷ್ಟು ದಿನ ಇರಲಿಕ್ಕೆ ಬರತೈತಿ?" ಎನ್ನುತ್ತಿದ್ದಳು. ಕೊನೆಗೆ ಮೊಣಕಾಲು ಏಳಗೊಡದಂತಾದಾಗ, 2023ರ ದೀಪಾವಳಿ ಕಳೆದ ಮೇಲೆ, ಬರಲು ಒಪ್ಪಿದಳು. ಟೆಂಪೋದಲ್ಲಿ ಬಂದ ಸಾಮಾನು ಎಣಿಸಿದರೆ ಒಂದು ಟ್ರಂಕು, ಎರಡು ಕೌದಿ, ದೇವರ ಪೆಟ್ಟಿಗೆ, ಶೇಂಗಾ ಚಟ್ನಿಯ ಡಬ್ಬಿ. ಕೊನೆಗೆ ಗೋಣಿಚೀಲದಲ್ಲಿ ಸುತ್ತಿದ ಈ ಡಿಶ್, ಹಳೆಯ ಸೀರೆಯಲ್ಲಿ ಕಟ್ಟಿದ ಅದರ ಪೆಟ್ಟಿಗೆ.

"ಇದನ್ಯಾಕ ತಂದಿ ಅವ್ವಾ? ನಮ್ಮಲ್ಲಿ ಐತಲ್ಲ" ಎಂದೆ.

"ಅದು ನಿಮ್ಮದು. ಇದು ನಂದು. ಇದಕ್ಕ ತಿಂಗಳಾ ತಿಂಗಳಾ ರೊಕ್ಕ ತುಂಬೂದಿಲ್ಲ."

ಅವಳು ಹೇಳಿದ್ದು ದೂರದರ್ಶನದ ಉಚಿತ ಸೇವೆಯ ಮಾತು. 2004ರ ಡಿಸೆಂಬರಿನಲ್ಲಿ 'ಡಿ.ಡಿ. ಡೈರೆಕ್ಟ್ ಪ್ಲಸ್' ಎಂಬ ಹೆಸರಿನಿಂದ ಅದು ಶುರುವಾಯಿತು. ಆಮೇಲೆ 'ಡಿ.ಡಿ. ಫ್ರೀ ಡಿಶ್' ಎಂದಾಯಿತು. ಒಮ್ಮೆ ಡಿಶ್, ಪೆಟ್ಟಿಗೆ ಕೊಂಡರೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ. ಅವ್ವನಿಗೆ ಬೇಕಾದ ಚಂದನ ವಾಹಿನಿ ಅದರಲ್ಲಿ ಬರುತ್ತದೆ. ನಮ್ಮ ಖಾಸಗಿ ಡಿಶ್ಶಿನಲ್ಲೂ ಚಂದನ ಬರುತ್ತದೆ. ಹಾಗಿದ್ದೂ ಅವಳು ತನ್ನದನ್ನು ಹೊತ್ತು ತಂದಿದ್ದಳು.

ನನಗೆ ನೋವಾಯಿತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ದುಡಿಯುವ ಮಗಳು ನಾನು. ನಾನು ತುಂಬುವ ರೊಕ್ಕದಲ್ಲಿ ಅವ್ವ ಟಿ.ವಿ. ನೋಡಿದರೆ ನನ್ನ ಗಂಟೇನು ಕರಗುತ್ತಿತ್ತು? ಹೆತ್ತವಳೇ ನನ್ನನ್ನು ಹೊರಗಿನವಳೆಂದು ಎಣಿಸಿದಳಲ್ಲ ಅನ್ನಿಸಿತು. ನಮ್ಮ ಭಾಷೆಯಲ್ಲಿ 'ಹಂಗು' ಎಂಬ ಮಾತಿದೆ. ಸಾಲವನ್ನು ತೀರಿಸಬಹುದು, ಹಂಗನ್ನು ತೀರಿಸಲು ಬಾರದು. ಕೊಟ್ಟವರು ಮರೆತರೂ ತೆಗೆದುಕೊಂಡವರ ಬೆನ್ನ ಮೇಲೆ ಅದು ಕೂತೇ ಇರುತ್ತದೆ. ತಾಯಿಗೆ ಮಗಳ ಹಂಗೆ? ಈ ಪ್ರಶ್ನೆ ಬಹಳ ದಿನ ನನ್ನನ್ನು ಬಿಡಲಿಲ್ಲ.

ಡಿಶ್ ಕೂಡಿಸಲು ಬಂದ ಹುಡುಗ ಹಿಂದೊಮ್ಮೆ ನನ್ನ ವಿದ್ಯಾರ್ಥಿಯೇ. ಎರಡು ಡಿಶ್ಶಿನ ವಯರನ್ನು ಒಂದಕ್ಕೊಂದು ಸೇರಿಸಿ ಟಿ.ವಿ.ಗೆ ಕೊಟ್ಟರಾಯಿತು ಎಂದು ನಾನು ತಿಳಿದಿದ್ದೆ. ಅವನು ನನಗೇ ಪಾಠ ಹೇಳಿದ. ಡಿಶ್ಶಿನ ಕೋಲಿನ ತುದಿಗಿರುವ ಎಲ್‌ಎನ್‌ಬಿಗೆ ಕೆಳಗಿನ ಪೆಟ್ಟಿಗೆಯೇ ಅದೇ ವಯರಿನಲ್ಲಿ 13 ಅಥವಾ 18 ವೋಲ್ಟ್ ವಿದ್ಯುತ್ ಕಳಿಸುತ್ತದೆಯಂತೆ. ಯಾವ ಬಗೆಯ ಅಲೆ ಬೇಕೆಂದು ಕೇಳುವ ರೀತಿ ಅದು. ವಯರುಗಳನ್ನು ಸುಮ್ಮನೆ ಗಂಟು ಹಾಕಿದರೆ ಒಂದರ ಮಾತು ಇನ್ನೊಂದರ ಕಿವಿಗೆ ಬಿದ್ದು ಎರಡೂ ಕೆಡುತ್ತವೆ. ಡೈಸೆಕ್ ಎಂಬ ಸಣ್ಣ ಸ್ವಿಚ್ ಹಾಕಿದರೆ ಒಂದೇ ಪೆಟ್ಟಿಗೆ ಎರಡು ಡಿಶ್ ಆಳಬಹುದು, ಆದರೆ ಅದಕ್ಕೆ ಪೆಟ್ಟಿಗೆ ಮುಕ್ತವಾದದ್ದಿರಬೇಕು. ಖಾಸಗಿ ಕಂಪನಿಯ ಪೆಟ್ಟಿಗೆ ತನ್ನವರನ್ನು ಬಿಟ್ಟು ಬೇರೆಯವರ ಅಲೆ ಒಪ್ಪುವುದಿಲ್ಲ. "ಹಂಗಾಗಿ ಎರಡೂ ಪೆಟ್ಟಿಗಿ ಬ್ಯಾರೆಬ್ಯಾರೆನ ಇರಲಿ ಟೀಚರ್" ಎಂದು ನಮ್ಮದನ್ನು ಎಚ್‌ಡಿಎಂಐ ತೂತಿಗೂ ಅವ್ವನದನ್ನು ಕೆಂಪು, ಬಿಳಿ, ಹಳದಿ ತೂತುಗಳಿಗೂ ಸಿಕ್ಕಿಸಿದ. ರಿಮೋಟಿನಲ್ಲಿ 'ಸೋರ್ಸ್' ಗುಂಡಿ ಒತ್ತಿದರೆ ಟಿ.ವಿ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ. ಎರಡನ್ನೂ ಮನೆಯೊಳಗೆ ಬಿಟ್ಟುಕೊಂಡರೂ ಒಂದು ಹೊತ್ತಿಗೆ ಒಂದನ್ನೇ ತೋರಿಸುತ್ತದೆ.

ಅವನು ಮಾಳಿಗೆಯ ಮೇಲೆ ಡಿಶ್ಶನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸುತ್ತಿದ್ದರೆ, ಕೆಳಗೆ ಟಿ.ವಿ. ಮುಂದೆ ಕೂತ ಅವ್ವ "ಬಂತು... ಹೋತು... ಬಂತು" ಎಂದು ಕೂಗುತ್ತಿದ್ದಳು. ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹವನ್ನು ಈ ಎರಡಡಿಯ ತಟ್ಟೆ ಹುಡುಕಬೇಕು. ಕೈ ತುಸು ತಪ್ಪಿದರೂ ಚಿತ್ರವಿಲ್ಲ. ಆಗ್ನೇಯಕ್ಕೆ ಕೂಡಿಸಿ ಅವನು ಕೆಳಗಿಳಿದಾಗ ಅವ್ವ ಹೇಳಿದಳು: "ಮೊದಲು ನಮ್ಮೂರ ಸಾಲಿ ಮುಂದಿನ ಬುಟ್ಟಿ ಹೊತ್ತು ಮುಳುಗೋ ಕಡೆ ನೋಡತಿತ್ತು." ಹುಡುಗ ನಕ್ಕ. "ಹಂಗ ಆಗೂದಿಲ್ಲ ಅಜ್ಜಿ."

ಆದರೆ ಅವ್ವನ ಮಾತು ನಿಜ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಒಂದು ವರ್ಷ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿ.ವಿ. ಬರುತ್ತಿತ್ತು. 'ಸೈಟ್' ಎಂದು ಕರೆದ ಆ ಪ್ರಯೋಗಕ್ಕೆ ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು ಆರಿಸಿದ್ದರು. ಅಮೆರಿಕದ ಎ.ಟಿ.ಎಸ್.-6 ಉಪಗ್ರಹವನ್ನು ಎರವಲು ತಂದು ಪೂರ್ವ ಆಫ್ರಿಕಾದ ನೆತ್ತಿಯ ಮೇಲೆ ನಿಲ್ಲಿಸಿದ್ದರು. ಅದಕ್ಕೇ ನಮ್ಮೂರ ಡಿಶ್ ಪಡುವಣಕ್ಕೆ ನೋಡುತ್ತಿತ್ತು. ಕೋಳಿಗೂಡಿಗೆ ಹಾಕುವಂಥ ತಂತಿಜಾಳಿಗೆಯ, ಹತ್ತಡಿ ಅಗಲದ ಬುಟ್ಟಿ. ಊರಿಗೆಲ್ಲ ಸೇರಿ ಒಂದೇ ಟಿ.ವಿ. ಸಂಜೆ ಮಂದಿಯೆಲ್ಲ ಚಾಪೆ, ತಟ್ಟು ಹಾಸಿಕೊಂಡು ಕೂಡುತ್ತಿದ್ದರು. ನಾನಾಗ ಇನ್ನೂ ಶಾಲೆ ಕಾಣದ ಕೂಸು, ಅವ್ವನ ತೊಡೆಯ ಮೇಲೆ ಮಲಗಿದ್ದಷ್ಟೇ ನೆನಪು.

"ಆ ಮ್ಯಾಲೆ ಏನಾತು ಅಜ್ಜಿ?"

"ಏನಾಗೂದು? ಎರವಿನದು. ಅವರದು ಅವರು ತಗೊಂಡು ಹೋದ್ರು."

ಹೌದು, ಕರಾರು ಮುಗಿದ ಕೂಡಲೇ ಅಮೆರಿಕದವರು ಉಪಗ್ರಹವನ್ನು ತಮ್ಮ ಕಡೆಗೆ ಸರಿಸಿಕೊಂಡರು. 1977ರಲ್ಲಿ ಗುಲ್ಬರ್ಗಾದಲ್ಲಿ ಪ್ರಸಾರ ಕೇಂದ್ರ ಆಯಿತಾದರೂ ಅದರ ಅಲೆ ನಮ್ಮೂರಿನತನಕ ಬರಲಿಲ್ಲ. ಚಾಪೆ ಹಾಸುವುದು ನಿಂತಿತು. ಇದನ್ನು ನಾನು ಪುಸ್ತಕಗಳಲ್ಲಿ ಓದಿದ್ದೆ, ಆದರೆ 'ಎರವಿನದು' ಎಂಬ ಆ ಒಂದು ಮಾತಿನ ಭಾರ ಅವತ್ತೇ ತಿಳಿದದ್ದು. ಇನ್ನೊಬ್ಬರದನ್ನು ನಂಬಿ ಸಂಜೆಗಳನ್ನು ಕಟ್ಟಿಕೊಳ್ಳಬಾರದೆಂದು ಅವಳು ಎಂದೋ ತೀರ್ಮಾನಿಸಿದ್ದಳೋ ಏನೋ.

"ಸರಕಾರದ್ದು ಪುಕ್ಕಟ ಆದ್ರ ಹಂಗಲ್ಲೇನು?" ಎಂದು ಒಂದು ದಿನ ವಾದಕ್ಕೆ ನಿಂತೆ. "ಸರಕಾರದ್ದಂದ್ರ ಎಲ್ಲಾರದು. ಎಲ್ಲಾರದು ಅಂದ ಮ್ಯಾಲ ನಂದೂ ಆತಲ್ಲ" ಎಂದಳು. ಶಾಲೆಯ ಮೆಟ್ಟಿಲು ಹತ್ತದ ನನ್ನ ಅವ್ವ ಹಕ್ಕಿಗೂ ದಾನಕ್ಕೂ ಇರುವ ಗೆರೆಯನ್ನು ಒಂದೇ ಮಾತಿನಲ್ಲಿ ಎಳೆದಿದ್ದಳು.

ಆ ಗೆರೆಯನ್ನು ನಾನು ನನ್ನ ಶಾಲೆಯಲ್ಲೇ ಕಂಡಿದ್ದೆ, ಕಂಡೂ ಗುರುತಿಸಿರಲಿಲ್ಲ. ಹಿಂದೊಂದು ವರ್ಷ ಎಂಟನೆಯ ತರಗತಿಯ ಹುಡುಗಿಯೊಬ್ಬಳಿಗೆ ಕಂಪಾಸು ಪೆಟ್ಟಿಗೆ ಕೊಡಿಸಿದ್ದೆ. ಮರುದಿನ ಅವಳ ತಾಯಿ ಒಂದು ಕಟ್ಟು ಪುಂಡಿಪಲ್ಲೆ ಹಿಡಿದು ಶಾಲೆಯ ಬಾಗಿಲಿಗೆ ಬಂದಳು. "ಬ್ಯಾಡ ಬ್ಯಾಡ, ನಾನು ಅದಕ್ಕಾಗಿ ಕೊಟ್ಟಿಲ್ಲ" ಎಂದು ದೊಡ್ಡತನದಿಂದ ಮರಳಿಸಿಬಿಟ್ಟೆ. ಆಮೇಲೆ ಆ ಹುಡುಗಿ ನನ್ನ ಕಣ್ಣು ತಪ್ಪಿಸತೊಡಗಿದಳು. ಅದೇ ಹುಡುಗಿ ಮಧ್ಯಾಹ್ನದ ಅಕ್ಷರ ದಾಸೋಹದ ಊಟಕ್ಕೆ ಎಲ್ಲರೊಡನೆ ಕೂತು ನಿಸ್ಸಂಕೋಚವಾಗಿ "ಇನ್ನಷ್ಟು ಸಾರು ಹಾಕ್ರಿ" ಎನ್ನುತ್ತಿದ್ದಳು. ಊಟ ಅವಳ ಪಾಲಿನದು, ಕಂಪಾಸು ಪೆಟ್ಟಿಗೆ ನನ್ನದು. ಆ ಪಲ್ಲೆ ತೆಗೆದುಕೊಂಡಿದ್ದರೆ ಪೆಟ್ಟಿಗೆಯೂ ಅವಳದಾಗುತ್ತಿತ್ತು. ಕೊಡುವ ಸುಖವನ್ನೆಲ್ಲ ನಾನೇ ಇಟ್ಟುಕೊಂಡು ಅವಳಿಗೆ ಬರೀ ತೆಗೆದುಕೊಳ್ಳುವುದನ್ನು ಬಿಟ್ಟಿದ್ದೆ. ಅವ್ವನ ವಿಷಯದಲ್ಲೂ ನಾನು ಮಾಡಹೊರಟದ್ದು ಅದನ್ನೇ ಅಲ್ಲವೇ?

ಕಾನೂನು ಕೇಳಿದರೆ ಈ ಮಾತೇ ಏಳುವುದಿಲ್ಲ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯಲ್ಲಿ 'ಮಕ್ಕಳು' ಎಂದರೆ ಮಗನಷ್ಟೇ ಮಗಳೂ ಸೇರಿದ್ದಾಳೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಕೊಟ್ಟ ತಿದ್ದುಪಡಿ 2005ರದು. ಆದರೆ ನನ್ನ ಅವ್ವ ಬೆಳೆದದ್ದು ಮಗಳ ಮನೆಯಲ್ಲಿ ಮೂರು ದಿನಕ್ಕಿಂತ ಹೆಚ್ಚು ಉಂಡರೆ ಜನ ಏನಂದಾರು ಎನ್ನುವ ಕಾಲದಲ್ಲಿ. ಕಾಯ್ದೆಯ ಪುಸ್ತಕದಲ್ಲಿ ಬರೆದದ್ದು ತುತ್ತು ನುಂಗುವ ಗಂಟಲಿಗೆ ತಿಳಿಯಲು ಇನ್ನೂ ಒಂದು ತಲೆಮಾರು ಬೇಕು.

ಹಾಗೆಂದು ಅವ್ವನದೇ ಪೂರ್ತಿ ಸರಿ ಎಂದೂ ನಾನು ಹೇಳಲಾರೆ. ಯಾರ ಹಂಗೂ ಇಲ್ಲದೆ ಬದುಕಿದವರು ಯಾರಿದ್ದಾರೆ? ನನ್ನ ಬಿ.ಇಡಿ. ಫೀಗೆ ತನ್ನ ಬಿಲ್ವಾರ ಮಾರಿದವಳು ಅವಳೇ. ಅದು ನನಗೆ ಹಂಗಲ್ಲದಿದ್ದರೆ ನಾನು ತುಂಬುವ ಇನ್ನೂರು ಮುನ್ನೂರು ರೂಪಾಯಿ ಅವಳಿಗೆ ಹೇಗೆ ಹಂಗು? ಕೇಳಿದರೆ ಅವಳಲ್ಲಿ ಉತ್ತರವಿರಲಿಲ್ಲ. "ತಾಯಿ ಕೊಡೂದು ಬ್ಯಾರೆ" ಎಂದಳಷ್ಟೆ. ಹೊಳೆಯ ನೀರು ಕೆಳಗೇ ಹರಿಯಬೇಕು, ಮೇಲಕ್ಕಲ್ಲ ಎಂದು ಅವಳ ನಂಬಿಕೆ.

ಇತ್ತ ಡಿಶ್ ಏನೋ ಕೂತಿತು. ಆದರೆ ಡಿಶ್ ಅವಳದಾದರೂ ಪಡಸಾಲೆ ಅವಳದಾಗಲಿಲ್ಲ. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಹಾಕಿಕೊಂಡು ನೋಡುವಳು. ನಮ್ಮವರು ಒಳಗೆ ಕಾಲಿಟ್ಟರೆ ಸಾಕು, ತಲೆಯ ಮೇಲೆ ಸೆರಗು ಎಳೆದುಕೊಂಡು ಗೋಡೆ ಹಿಡಿದು ಅಡುಗೆಮನೆಗೆ ನಡೆಯುವಳು. ಅಳಿಯನ ಎದುರು ಕುರ್ಚಿಯ ಮೇಲೆ ಕೂಡ್ರುವುದು ಅವಳಿಂದಾಗದು. ನಮ್ಮವರಿಗೂ ಕಸಿವಿಸಿ. "ಅವರ ಕೋಣ್ಯಾಗ ಒಂದು ಸಣ್ಣ ಟಿ.ವಿ. ಇಟ್ಟುಬಿಡೋಣು" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ನನಗೂ ಅದೇ ಸರಿ ಎನ್ನಿಸಿತು. ಅವ್ವನನ್ನು ಕೇಳಿದೆ.

"ಕೋಣ್ಯಾಗ ಒಬ್ಬಾಕಿನ ಕುಂತು ನೋಡೂದಿದ್ರ ನಮ್ಮೂರಾಗ ಇರತಿದ್ನಲ್ಲ" ಎಂದಳು.

ಮಾತು ಅಷ್ಟೇ. ಆದರೆ ನಾನು ತಿಂಗಳುಗಟ್ಟಲೆ ತಪ್ಪು ತಿಳಿದದ್ದು ಆ ಮಾತಿನಿಂದ ಸರಿಯಾಯಿತು. ಡಿಶ್ ಹೊತ್ತು ತಂದದ್ದು ನಮ್ಮಿಂದ ದೂರ ಇರುವುದಕ್ಕಲ್ಲ. ತಲೆ ಎತ್ತಿ ನಮ್ಮ ಜೊತೆ ಕೂಡ್ರುವುದಕ್ಕೆ. ಅವಳಿಗೆ ಹಂಗು ಬೇಡವಾಗಿತ್ತು, ಜೊತೆ ಬೇಕಾಗಿತ್ತು. ನಾವೋ, ಇವೆರಡನ್ನೂ ಒಂದೇ ಎಂದುಕೊಂಡಿದ್ದೆವು. ಒಂದೋ ನಮ್ಮದನ್ನು ತೆಗೆದುಕೊಂಡು ನಮ್ಮೊಳಗಿರು, ಇಲ್ಲವೋ ನಿನ್ನದನ್ನು ಹಿಡಿದು ಬೇರೆ ಕೋಣೆಗೆ ಹೋಗು. ಪ್ರೀತಿಯಿಂದಲೇ ಆದರೂ ನಾವು ಅವಳ ಮುಂದಿಟ್ಟದ್ದು ಇದೇ ಅಲ್ಲವೇ? ಮಗಳ ಮನೆಯಲ್ಲಿರುವ ತಾಯಿಯ ಮುಂದೆ ಮಾತ್ರವಲ್ಲ, ಮಗನ ಮನೆಯಲ್ಲಿರುವ ಎಷ್ಟೋ ಹಿರಿಯರ ಮುಂದೆ ನಾವು ಇದನ್ನೇ ಇಡುತ್ತೇವೆ.

ಇದನ್ನು ಬಿಡಿಸಿದ್ದು ನಾನಲ್ಲ, ಒಂದು ಮಂಗ. 2024ರ ಜೂನ್ 4, ಲೋಕಸಭೆಯ ಮತ ಎಣಿಕೆಯ ದಿನ. ಬೆಳಿಗ್ಗೆ ಮಂಗವೊಂದು ನಮ್ಮ ಖಾಸಗಿ ಡಿಶ್ಶಿಗೆ ಜೋತುಬಿದ್ದು ಅದನ್ನು ಹೊರಳಿಸಿಬಿಟ್ಟಿತು. ಟಿ.ವಿ.ಯಲ್ಲಿ 'ಸಿಗ್ನಲ್ ಇಲ್ಲ'. ರಿಪೇರಿಯ ಹುಡುಗ ಸಂಜೆಯ ತನಕ ಬರುವಂತಿರಲಿಲ್ಲ. ನಮ್ಮವರು ನಾಲ್ಕು ಸಲ ಒಳಗೂ ಹೊರಗೂ ಅಡ್ಡಾಡಿ, ಕಡೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಜೀವನದಲ್ಲಿ ಮೊದಲ ಬಾರಿಗೆ ಎಂಬಂತೆ ಅವ್ವನನ್ನೇ ನೇರವಾಗಿ ಕೇಳಿದರು: "ಅತ್ತಿಯವರ, ನಿಮ್ಮದರಾಗ ವಾರ್ತೆ ಬರತಾವೇನ್ರಿ?"

ಅವ್ವ ಕೈ ಒರೆಸಿಕೊಂಡು ಬಂದು, ಸೆರಗು ಸರಿಪಡಿಸಿಕೊಂಡು, ತನ್ನ ರಿಮೋಟನ್ನು ತಾನೇ ಒತ್ತಿದಳು. ಅವತ್ತು ಹಾವೇರಿ ಕ್ಷೇತ್ರದ ಫಲಿತಾಂಶ ಬರುವ ತನಕ ಅಲ್ಲೇ ಕೂತಿದ್ದಳು. ಕುರ್ಚಿಯ ಮೇಲಲ್ಲ, ಕೆಳಗೆ ಚಾಪೆಯ ಮೇಲೆ. ಆದರೆ ಎದ್ದು ಹೋಗಲಿಲ್ಲ. ನಡುವೆ ಒಮ್ಮೆ ಅಳಿಯನಿಗೆ ಕೇಳುವಂತೆ ನನಗೆ ಹೇಳಿದಳು: "ಚಾ ಮಾಡಿಕೊಡವಾ, ನಮ್ಮ ಡಿಶ್ಶಿಗೆ ಬಂದಾರ." ನಮ್ಮವರು ಜೋರಾಗಿ ನಕ್ಕರು. ಅವ್ವನೂ ಸೆರಗು ಬಾಯಿಗೆ ಹಿಡಿದು ನಕ್ಕಳು. ಸಂಜೆ ಹುಡುಗ ಬಂದು ಡಿಶ್ ಸರಿ ಮಾಡಿದ. ಆದರೂ ಅಂದಿನಿಂದ ಸಂಜೆಯ ವಾರ್ತೆ ಅವ್ವನ ಡಿಶ್ಶಿನದೇ ಆಗಿದೆ.

ಹಂಗು ಹೋಗಬೇಕಾದರೆ ಕೊಡುವುದು ನಿಲ್ಲಬೇಕಿಲ್ಲ, ತೆಗೆದುಕೊಳ್ಳುವುದನ್ನು ನಾವೂ ಕಲಿಯಬೇಕು. ಅವ್ವ ಈಗ ನಮ್ಮ ರೊಕ್ಕದ ಔಷಧಿಯನ್ನು ಮೊದಲಿನಷ್ಟು ಮುಖ ಸಣ್ಣದು ಮಾಡದೆ ನುಂಗುತ್ತಾಳೆ. ಅವಳ ಖಾತೆಯಲ್ಲೂ ಒಂದಿಷ್ಟು ಜಮೆ ಆಗಿದೆಯಲ್ಲ! ಆ ಪುಂಡಿಪಲ್ಲೆಯ ತಾಯಿ ಮತ್ತೆ ಸಿಕ್ಕರೆ ಕಟ್ಟನ್ನು ಎರಡೂ ಕೈಯಿಂದ ತೆಗೆದುಕೊಳ್ಳಬೇಕೆಂದು ನನ್ನ ಆಸೆ. ಅವರು ಊರು ಬಿಟ್ಟು ಹೋಗಿ ವರ್ಷಗಳಾದವು.

ನನಗೂ ನಿವೃತ್ತಿ ದೂರವಿಲ್ಲ. ನಾನೂ ಒಂದು ದಿನ ಯಾರದೋ ಮನೆಯ ಕೋಣೆಗೆ ಸಾಮಾನು ಕಟ್ಟಬೇಕಾದೀತು. ಆಗ ಟ್ರಂಕಿನ ಜೊತೆ ನನ್ನದು ಎಂದು ಏನು ಒಯ್ಯಲಿ ಎಂದು ಈಗೀಗ ಯೋಚಿಸುತ್ತೇನೆ. ಏನನ್ನೇ ಒಯ್ದರೂ, ಬಾಗಿಲಲ್ಲಿ ನಿಂತವರು "ಇದನ್ಯಾಕ ತಂದಿ?" ಎಂದು ನನ್ನ ಹಾಗೆ ಕೇಳದಿದ್ದರೆ ಸಾಕು.