ಕಳೆದುಹೋದದ್ದು ಯಾರಿಗೆ?

2009ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಸೇಂಟ್ ಆ್ಯನ್ ಎಂಬ ಸಣ್ಣ ಊರಿನಲ್ಲಿ ಪಾಳುಬಿದ್ದ ಮನೆಯೊಂದನ್ನು ರಿಪೇರಿ ಮಾಡಲು ಹೋದವರಿಗೆ ಕಾಗದದ ಕಟ್ಟುಗಳು ಸಿಕ್ಕವು. ಮರ ಬಿದ್ದು ಚಾವಣಿ ತೂತಾಗಿತ್ತು. ಪೋಕರಿಗಳು ನುಗ್ಗಿ ಇದ್ದಬದ್ದದ್ದನ್ನೆಲ್ಲ ಚೆಲ್ಲಾಡಿದ್ದರು. ಮಳೆ ತಾಗದ ಕಡೆ ಸಂಗೀತದ ಹಸ್ತಪ್ರತಿಗಳು ಉಳಿದಿದ್ದವು. ಅವುಗಳ ಮೇಲಿದ್ದ ಹೆಸರು ಫ್ಲಾರೆನ್ಸ್ ಪ್ರೈಸ್. 1887ರಲ್ಲಿ ಅರ್ಕನ್ಸಾದ ಲಿಟಲ್ ರಾಕ್‌ನಲ್ಲಿ ಹುಟ್ಟಿ 1953ರಲ್ಲಿ ಶಿಕಾಗೋದಲ್ಲಿ ತೀರಿಕೊಂಡ ಕಪ್ಪು ಹೆಣ್ಣುಮಗಳು. ಅದು ಆಕೆಯ ಬೇಸಿಗೆ ಮನೆ. ಆ ಕಟ್ಟುಗಳಲ್ಲಿ ಎರಡು ಪಿಟೀಲು ಕಾನ್ಸರ್ಟೊಗಳಿದ್ದವು, ನಾಲ್ಕನೆಯ ಸಿಂಫನಿ ಇತ್ತು.

ಅಲ್ಲಿಂದೀಚೆಗೆ ಆಕೆಯ ಮಾತು ಬಂದಲ್ಲೆಲ್ಲ 'ಶೋಧ' ಎಂಬ ಪದ ಬರುತ್ತದೆ. ಕಳೆದುಹೋಗಿದ್ದ ಪ್ರತಿಭೆಯ ಶೋಧ! ಕೊಲಂಬಸನೂ ಶೋಧವನ್ನೇ ಮಾಡಿದ್ದು. ಅವನು ಹೋಗಿ ಇಳಿದಾಗ ಅಲ್ಲಿ ಜನ ಇರಲಿಲ್ಲವೇನು? ಪ್ರೈಸ್ ಯಾರಿಗೆ ಕಳೆದುಹೋಗಿದ್ದಳು ಎಂದು ನಾವು ಕೇಳಬೇಕಾಗಿದೆ. ಆಕೆಯ ಮಗಳಿಗಂತೂ ಅಲ್ಲ. ಆ ಮಗಳು ತನ್ನ ಬಳಿ ಇದ್ದ ಕಾಗದಪತ್ರಗಳನ್ನು ಅರ್ಕನ್ಸಾ ವಿಶ್ವವಿದ್ಯಾಲಯಕ್ಕೆ ಮೊದಲೇ ಒಪ್ಪಿಸಿದ್ದಳು. ಕಪ್ಪು ಎಂಬ ಕಾರಣಕ್ಕೆ ವಾಷಿಂಗ್ಟನ್ನಿನ ಸಭಾಂಗಣವೊಂದು ಬಾಗಿಲು ಹಾಕಿದಾಗ, 1939ರಲ್ಲಿ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಹಾಡಿದ ಮರಿಯನ್ ಆ್ಯಂಡರ್ಸನ್‌ಗೂ ಅಲ್ಲ. ಅವತ್ತು ಹಾಡಿದ್ದರಲ್ಲಿ ಪ್ರೈಸ್ ಸ್ವರ ಕೂಡಿಸಿದ್ದ ಹಾಡೂ ಇತ್ತು. ಸ್ಯಾನ್ ಫ್ರಾನ್ಸಿಸ್ಕೋದ ಹೆಂಗಸರ ವಾದ್ಯವೃಂದವೊಂದು ಮೂರನೆಯ ಸಿಂಫನಿಯ ರೆಕಾರ್ಡನ್ನು 2001ರಲ್ಲೇ ತಂದಿತ್ತು. ರೇ ಲಿಂಡಾ ಬ್ರೌನ್ ಎಂಬ ಕಪ್ಪು ವಿದ್ವಾಂಸೆ ವರ್ಷಗಟ್ಟಲೆ ದುಡಿದು, ಇನ್ನೊಬ್ಬರ ಜೊತೆಗೂಡಿ ಒಂದು ಮತ್ತು ಮೂರನೆಯ ಸಿಂಫನಿಗಳನ್ನು ಸಂಪಾದಿಸಿ ಅಚ್ಚು ಹಾಕಿಸಿದ್ದು 2008ರಲ್ಲಿ. ಅಂದರೆ ಆ ಪಾಳುಮನೆಯ ಬಾಗಿಲು ತೆಗೆಯುವುದಕ್ಕೂ ಮುಂಚೆ. ಇಷ್ಟು ಜನ ಹುಡುಕಿ ಕಾಪಾಡಿಕೊಂಡು ಬಂದದ್ದು ಲೆಕ್ಕಕ್ಕಿಲ್ಲ, ದೊಡ್ಡವರ ಕಣ್ಣಿಗೆ ಬಿದ್ದ ದಿನವೇ ಹುಟ್ಟಿದ ದಿನ!

ಇದನ್ನು ಹೇಳಿದರೆ ನಮ್ಮ ಗೆಳೆಯರಲ್ಲೇ ಕೆಲವರು, "ಅಲ್ರೀ, ಸಂಗೀತ ಚೆನ್ನಾಗಿದ್ರೆ ತಾನೇ ಉಳೀತದೆ. ಪಾಪ ಅಂತ ಕೇಳಬೇಕಾ?" ಅನ್ನುತ್ತಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅನ್ಯಾಯಕ್ಕೊಳಗಾದವರ ಕೃತಿಯನ್ನು ಕನಿಕರದಿಂದ ಮೆಚ್ಚುವುದು ಎರಡನೆಯ ಅವಮಾನ ಎಂದು ನಾವೂ ನಂಬಿದ್ದೇವೆ. ಆದರೆ 'ತಾನೇ ಉಳಿಯುತ್ತದೆ' ಎಂಬ ಮಾತಿದೆಯಲ್ಲ, ಅದು ಸಿಂಫನಿಯ ಮಟ್ಟಿಗೆ ಶುದ್ಧ ಸುಳ್ಳು. ಕವಿತೆಯನ್ನು ನಾಲ್ಕು ಜನ ಕಾಸು ಹಾಕಿ ಇಂಥ ಪತ್ರಿಕೆಯಲ್ಲಿ ಅಚ್ಚು ಮಾಡಿಬಿಡಬಹುದು. ಹಾಡಾದರೆ ಬಾಯಿಂದ ಬಾಯಿಗೆ ಹೋಗುತ್ತದೆ. ಸಿಂಫನಿಗೆ ಎಂಬತ್ತು ಜನ ವಾದಕರು ಬೇಕು, ಅವರನ್ನು ನಡೆಸುವವನು ಬೇಕು, ಸಭಾಂಗಣ ಬೇಕು, ಅಭ್ಯಾಸಕ್ಕೆ ದಿನಗಳು ಬೇಕು, ಇವಕ್ಕೆಲ್ಲ ದುಡ್ಡು ಬೇಕು. ಅದಿಲ್ಲದಿದ್ದರೆ ಅದು ಬರೀ ಗೆರೆ ಎಳೆದ ಕಾಗದ. ನುಡಿಸದವರೇ ಎದ್ದುನಿಂತು 'ಇದು ಶ್ರೇಷ್ಠವಲ್ಲ' ಅಂದರೆ, ಕೇಳದೇ ತೀರ್ಪು ಕೊಟ್ಟ ಹಾಗಾಯಿತು.

ಪ್ರೈಸ್ ಬದುಕೇ ಇದಕ್ಕೆ ಸಾಕ್ಷಿ. 1932ರ ವಾನಾಮೇಕರ್ ಸ್ಪರ್ಧೆಯಲ್ಲಿ ಆಕೆಯ ಮೊದಲ ಸಿಂಫನಿಗೆ 500 ಡಾಲರ್ ಬಹುಮಾನ ಬಂತು. 1933ರ ಜೂನ್ 15ರಂದು ಶಿಕಾಗೋ ಸಿಂಫನಿ ಆರ್ಕೆಸ್ಟ್ರಾ, ಫ್ರೆಡರಿಕ್ ಸ್ಟಾಕ್ ನೇತೃತ್ವದಲ್ಲಿ, ಅದನ್ನು ನುಡಿಸಿತು. ದೇಶದ ದೊಡ್ಡ ಆರ್ಕೆಸ್ಟ್ರಾವೊಂದು ಕಪ್ಪು ಹೆಂಗಸಿನ ಸಿಂಫನಿ ನುಡಿಸಿದ್ದು ಅದೇ ಮೊದಲು. ಚರಿತ್ರೆ ಇದನ್ನು ಆ ಆರ್ಕೆಸ್ಟ್ರಾದ ಔದಾರ್ಯ ಎಂಬಂತೆ ಬರೆಯುತ್ತದೆ. ಆ ಕಛೇರಿಗೆ 250 ಡಾಲರ್ ಹೊಂದಿಸಿದವಳು ಮೋಡ್ ರಾಬರ್ಟ್ಸ್ ಜಾರ್ಜ್ ಎಂಬ ಕಪ್ಪು ಸಂಗೀತ ವಿಮರ್ಶಕಿ. ಹತ್ತು ವರ್ಷದ ನಂತರ, 1943ರಲ್ಲಿ, ಪ್ರೈಸ್ ಬಾಸ್ಟನ್ ಸಿಂಫನಿಯ ಕೌಸೆವಿಟ್ಸ್ಕಿಗೆ ಕಾಗದ ಬರೆದಳು. ತಾನು ಹೆಣ್ಣು, ತನ್ನ ಮೈಯಲ್ಲಿ ಕಪ್ಪು ರಕ್ತವಿದೆ, ಈ ಎರಡು ಅಡ್ಡಿಗಳನ್ನು ಮೊದಲೇ ಹೇಳಿಬಿಡುತ್ತೇನೆ ಎಂದು ಶುರುಮಾಡಿ, ತನ್ನ ಕೃತಿಯನ್ನು ಅದರ ಗುಣದಿಂದಲೇ ಅಳೆಯಬೇಕೆಂದು ಕೇಳಿಕೊಂಡಳು. ಆತ ನುಡಿಸಲಿಲ್ಲ. ಕನಿಕರ ಕೇಳಿದವಳು ಆಕೆಯಲ್ಲ, ನೋಡಿ. ಅಳೆಯಿರಿ ಅಂದಳು. ಅಳೆಯುವುದಕ್ಕೂ ಯಾರೂ ತಯಾರಿರಲಿಲ್ಲ.

ಆ ಮೊದಲ ಸಿಂಫನಿಯ ಮೂರನೆಯ ಭಾಗದ ಹೆಸರು 'ಜೂಬ ಕುಣಿತ'. 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೊ ನದಿಯ ಬಳಿ ಗುಲಾಮರು ಡೋಲು ಬಾರಿಸುತ್ತ ದಂಗೆ ಎದ್ದಿದ್ದರು. ಮರುವರ್ಷ ಬಂದ ಕಾನೂನು ಅವರಿಗೆ ಡೋಲನ್ನೇ ನಿಷೇಧಿಸಿತು. ಡೋಲಿಲ್ಲದ ಕಡೆ ಜನ ತೊಡೆ, ಎದೆ, ಅಂಗೈ ಬಡಿದುಕೊಂಡೇ ತಾಳ ಹಾಕಿ ಕುಣಿದರು. ಅದು ಜೂಬ. (ನಮ್ಮಲ್ಲಿ ತಮಟೆಯನ್ನು ಕಿತ್ತುಕೊಳ್ಳಲಿಲ್ಲ, ಹೆಗಲಿಗೆ ಕಟ್ಟಿ ಬಡಿ ಅಂದರು. ಅಲ್ಲಿ ಬಡೀಬೇಡ ಅಂದರು. ಎರಡೂ ಒಂದೇ ಕೈ ಮಾಡಿದ ಕೆಲಸ ಅನ್ನಿಸುತ್ತದೆ.) ಪ್ರೈಸ್ ಆ ಕುಣಿತದ ಲಯವನ್ನು ಪಿಟೀಲುಗಳ ಕೈಗೆ ಕೊಟ್ಟು, ಆಫ್ರಿಕದ ಡೋಲುಗಳನ್ನೇ ಸಿಂಫನಿಯೊಳಕ್ಕೆ ತಂದು ಕೂರಿಸಿದಳು. ಇದನ್ನು ಕೇಳಿದ ಪಂಡಿತರು ಡ್ವೊರ್ಜಾಕ್‌ನ ಅನುಕರಣೆ ಎನ್ನುತ್ತಾರೆ. ಡ್ವೊರ್ಜಾಕ್ ಕಪ್ಪು ಜನರ ಹಾಡಿನಿಂದ ಸ್ಫೂರ್ತಿ ಪಡೆದರೆ ಪ್ರತಿಭೆ; ಆ ಜನರ ಮಗಳೇ ತನ್ನ ಮನೆಯ ಹಾಡನ್ನು ಎತ್ತಿಕೊಂಡರೆ ನಕಲು. ಇದ್ಯಾವ ನ್ಯಾಯ?

ಹಾಗಾಗಿ ಸಿಂಫನಿಯ ಮಟ್ಟಿಗೆ ರೆಕಾರ್ಡು ಎಂಬುದು ಶೋಕಿಯ ವಸ್ತುವಲ್ಲ. ಶಿಕಾಗೋ ಸಭಾಂಗಣಕ್ಕೆ ಕಾಲಿಡಲಾಗದ ನಮ್ಮಂಥವರ ಕಿವಿಗೂ ಅದು ತಲುಪುವ ದಾರಿ ಇದೊಂದೇ. ನಾಲ್ಕನೆಯ ಸಿಂಫನಿಯನ್ನು 2018ರಲ್ಲಿ ಮೊದಲು ನುಡಿಸಿದ್ದು ಅರ್ಕನ್ಸಾದ ಫೋರ್ಟ್ ಸ್ಮಿತ್ ಎಂಬ ಊರಿನ ಆರ್ಕೆಸ್ಟ್ರಾ. ರೆಕಾರ್ಡು 2019ರಲ್ಲಿ ಬಂತು. ಫಿಲಡೆಲ್ಫಿಯಾ ಆರ್ಕೆಸ್ಟ್ರಾದ ರೆಕಾರ್ಡನ್ನು ಡಾಯಿಚ್ ಗ್ರಾಮಾಫೋನ್ ಕಂಪನಿ 2021ರಲ್ಲಿ ತಂದಿತು, 2022ರಲ್ಲಿ ಗ್ರ್ಯಾಮಿ ಬಂತು. ಸಣ್ಣವರು ಉತ್ತ ಹೊಲದಲ್ಲಿ ದೊಡ್ಡವರು ಬಿತ್ತಿದರು. ಬಿತ್ತಲಿ, ಬೇಡ ಅನ್ನುವುದಿಲ್ಲ.

ನಮ್ಮನ್ನೂ ನಾವು ಬಿಟ್ಟುಕೊಡಬಾರದು. ಅಪರೂಪದ ರೆಕಾರ್ಡು ಹುಡುಕುವವರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. 'ಇದು ನನ್ನ ಹತ್ರ ಇದೆ, ನೀ ಕೇಳೇ ಇಲ್ವಾ?' ಎಂಬ ಜಂಬ. ಅದು ಹೊಸ ಮಡಿ. ಎಲ್ಲರೂ ಮರೆತದ್ದನ್ನು ತಾನೊಬ್ಬನೇ ಬಲ್ಲೆ ಎನ್ನುವವನಿಗೆ ಅದು ಮರೆತೇ ಇರಲಿ ಎಂಬ ಒಳ ಆಸೆ ಇರುತ್ತದೆ. ಹಂಚಿದರೆ ಅವನ ಆಸ್ತಿ ಕರಗುತ್ತದೆ. ಇನ್ನು ಹಂಚುವವರೂ ಮೆಚ್ಚುಗೆಯ ಸಾಲ ವಸೂಲಿಗೆ ಕೂರಬಾರದು. ಬೀಥೊವನ್ 1813ರಲ್ಲಿ ವೆಲಿಂಗ್ಟನ್ನನ ಗೆಲುವಿನ ಮೇಲೆ ಬರೆದ ಗದ್ದಲದ ತುಂಡಿಗೂ ರೆಕಾರ್ಡುಗಳಿವೆ, ಅದರಿಂದ ಅವನ ಮಾನ ಹೋಗಿಲ್ಲ. ಒಂದು ಕೃತಿಯಲ್ಲಿ ಸೋಲುವ, ಸಾಧಾರಣವಾಗಿರುವ ಹಕ್ಕು ಪ್ರೈಸ್‌ಗೂ ಬೇಕು.

ಈಚೆಗೆ ನಾವು ನಾಲ್ಕೈದು ಜನ ಮೊಬೈಲಿಗೆ ಸಣ್ಣ ಸ್ಪೀಕರು ಸಿಕ್ಕಿಸಿ ಮೊದಲ ಸಿಂಫನಿ ಕೇಳಿದೆವು. ಎರಡನೆಯ ಭಾಗದಲ್ಲಿ ಹಿತ್ತಾಳೆ ವಾದ್ಯಗಳು ಪ್ರಾರ್ಥನೆಯಂತೆ ಎದ್ದಾಗ ಯಾರೂ ಮಾತಾಡಲಿಲ್ಲ. ಮುಗಿದ ಮೇಲೆ ಒಬ್ಬ, "ಮೊದಲ್ನೇ ಭಾಗ ಅಷ್ಟುದ್ದ ಎಳೆದು ಕೊನೇದು ಇಷ್ಟು ಗಿಡ್ಡ ಮಾಡಿದ್ಯಾಕೆ? ಓಡಿಹೋದಂಗಾಯ್ತು" ಅಂದ. ಇನ್ನೊಬ್ಬ, ಅದು ಓಟವೇ ಕಣಯ್ಯಾ, ಓಡಬೇಕಾಗಿತ್ತು, ಅಂದ. ಮೂರನೆಯವನು ಇನ್ನೊಂದು ಸಲ ಹಾಕು ಅಂತ ಫೋನಿಗೆ ಕೈ ಚಾಚಿದ.