ಅಮಾನತ್ ಮತ್ತು ಅಮಾನತು

ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ್ದು. ಹಜ್‌ಗೆ ಹೊರಟವರು ನೆರೆಯವರ ಬಳಿ ಬಿಟ್ಟುಹೋಗುವ ಒಡವೆ ಅಮಾನತ್. ಬೆಳಿಗ್ಗೆ ತಲೆ ಬಾಚಿ ಶಾಲೆಗೆ ಕಳುಹಿಸುವ ಮಗುವೂ ಅಮಾನತ್. ಅದೇ ಪದ ಕನ್ನಡದ ಕಚೇರಿಗಳಿಗೆ ಬಂದು, ನೌಕರನನ್ನು ಕೆಲಸದಿಂದ ದೂರವಿಡುವ ‘ಅಮಾನತು’ ಆಗಿದೆ. ಎರಡೂ ಭಾಷೆಗಳಲ್ಲಿ ಓದಿದ ನಮಗೆ ಈ ಎರಡು ಅರ್ಥಗಳು ಒಟ್ಟಿಗೆ ಎದುರಾದದ್ದು ಒಂದು ಶಾಲೆಯ ಜಗಲಿಯಲ್ಲಿ.

ಶಿಕ್ಷಕರೊಬ್ಬರು ವಿದ್ಯಾರ್ಥಿನಿಗೆ ರಾತ್ರಿ ಹೊತ್ತು ಮೊಬೈಲಿನಲ್ಲಿ ಕಳುಹಿಸಬಾರದ್ದನ್ನು ಕಳುಹಿಸಿದ್ದಾರೆಂಬ ದೂರು ಬಂದಿತ್ತು. ಒಳಗೆ ಹಿರಿಯರು ಶಾಲೆಯ ಮಾನ ಉಳಿಸಲು ಅವರನ್ನು ಅಮಾನತು ಮಾಡಿ, ಸದ್ದಿಲ್ಲದೆ ಬೇರೆ ಊರಿಗೆ ಸಾಗಹಾಕುವ ಮಾತಾಡುತ್ತಿದ್ದರು. ಹೊರಗೆ ಯುವಕರು ಹೊಡೆಯಲು ಸಿದ್ಧರಾಗಿ ನಿಂತಿದ್ದರು. ಆ ಸಂದೇಶಗಳು ಆಗಲೇ ಊರಿನ ಮೊಬೈಲುಗಳಲ್ಲೆಲ್ಲ ಹರಿದಾಡುತ್ತಿದ್ದವು. ಹುಡುಗಿಯ ತಾಯಿ ಮೂಲೆಯಲ್ಲಿ ಕುಳಿತಿದ್ದರು. “ಭಾಯಿ, ಮೇಷ್ಟ್ರಿಗೆ ಬೇರೆ ಸ್ಕೂಲು ಸಿಗುತ್ತೆ. ನನ್ನ ಮಗಳು ಸ್ಕೂಲೇ ಬೇಡ ಅಂತಿದಾಳೆ” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಕಾನೂನಿನಲ್ಲಿ ಉತ್ತರವಿದೆಯೇ? 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಲೈಂಗಿಕ ಉದ್ದೇಶದಿಂದ ಮಗುವನ್ನು ಮೊಬೈಲ್ ಮೂಲಕ ಪದೇ ಪದೇ ಸಂಪರ್ಕಿಸುವುದು, ಅಶ್ಲೀಲವಾದದ್ದನ್ನು ತೋರಿಸುವುದು, ನಿಜವಾದ ಅಥವಾ ಸೃಷ್ಟಿಸಿದ ಚಿತ್ರವನ್ನು ಬಳಸುವುದಾಗಿ ಬೆದರಿಸುವುದು ಕಿರುಕುಳ. ಮೂರು ವರ್ಷದವರೆಗೆ ಸೆರೆ. ಮಗುವನ್ನು ಅಶ್ಲೀಲ ಚಿತ್ರಕ್ಕೆ ಬಳಸಿದರೆ, 2019ರ ತಿದ್ದುಪಡಿಯಂತೆ, ಕನಿಷ್ಠ ಐದು ವರ್ಷ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಲ್ಲಿ ಇಂಥ ಚಿತ್ರಗಳನ್ನು ಹಂಚುವವನಿಗೆ ಮೊದಲ ಸಲ ಐದು ವರ್ಷದವರೆಗೆ ಸೆರೆ, ಹತ್ತು ಲಕ್ಷ ರೂಪಾಯಿವರೆಗೆ ದಂಡ.

ನೋಡಿದರಷ್ಟೇ ತಪ್ಪೇನು ಎಂಬ ಪ್ರಶ್ನೆ ನ್ಯಾಯಾಲಯಗಳನ್ನೂ ಕಾಡಿದೆ. 2024ರ ಜುಲೈನಲ್ಲಿ ಕರ್ನಾಟಕ ಹೈಕೋರ್ಟ್ ಬರೀ ನೋಡುವುದು 67ಬಿ ಅಡಿ ಅಪರಾಧವಲ್ಲ ಎಂದಿತು. ಕಲಮಿನ ಒಂದು ಭಾಗ ಗಮನಕ್ಕೆ ಬಾರದೆ ಹೋಗಿತ್ತೆಂದು ಅದೇ ತಿಂಗಳು ಆದೇಶವನ್ನು ಹಿಂತೆಗೆದುಕೊಂಡಿತು. ಆ ವರ್ಷ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್, ಇಂಥ ದೃಶ್ಯಗಳನ್ನು ಹಂಚುವ ಉದ್ದೇಶದಿಂದ ಅಳಿಸದೆ, ವರದಿ ಮಾಡದೆ ಇಟ್ಟುಕೊಳ್ಳುವುದೂ ಅಪರಾಧವೆಂದು ಸ್ಪಷ್ಟಪಡಿಸಿತು. ಇದು ‘ಅಶ್ಲೀಲ ಚಿತ್ರ’ವಲ್ಲ, ಮಗುವಿನ ಮೇಲೆ ನಡೆದ ಶೋಷಣೆಯ ದಾಖಲೆ ಎಂದು ಪದವನ್ನೇ ತಿದ್ದಲು ಹೇಳಿತು. ಕಥೆ ಬರೆಯುವ ನಮಗೆ ಈ ತಿದ್ದುಪಡಿ ದೊಡ್ಡದಾಗಿ ಕಾಣುತ್ತದೆ. ಹೆಸರು ತಪ್ಪಾದಾಗ ಪಾಪವೂ ಹಗುರವಾಗುತ್ತದೆ.

ಶಿಕ್ಷಕನ ಅಪರಾಧ ಬೇರೆಯವರ ಅಪರಾಧಕ್ಕಿಂತ ದೊಡ್ಡದೇ? ಮೈಮುಟ್ಟಿ ನಡೆಸುವ ದೌರ್ಜನ್ಯದಲ್ಲಿ ಕಾನೂನು ಹೌದೆನ್ನುತ್ತದೆ. ವಿದ್ಯಾಸಂಸ್ಥೆಯ ಸಿಬ್ಬಂದಿ ತಮ್ಮಲ್ಲಿನ ಮಗುವಿನ ಮೇಲೆ ಎಸಗಿದರೆ ಅದು ಉಗ್ರ ಸ್ವರೂಪದ ಅಪರಾಧ. ಧಾರ್ಮಿಕ ಸಂಸ್ಥೆಯವರಿಗೂ ಇದೇ ನಿಯಮ. ಮಠ, ಚರ್ಚು, ನಮ್ಮ ಮದ್ರಸಾ, ಯಾವುದಕ್ಕೂ ವಿನಾಯಿತಿಯಿಲ್ಲ. ಆದರೆ ಮೊಬೈಲಿನ ಕಿರುಕುಳಕ್ಕೆ ಅಪರಿಚಿತನಿಗೂ ಶಿಕ್ಷಕನಿಗೂ ಅದೇ ಮೂರು ವರ್ಷದ ಮಿತಿ. ಅಪರಿಚಿತನ ಸಂದೇಶಕ್ಕೆ ಮಗು ಉತ್ತರಿಸದಿರಬಹುದು. ‘ನೋಟ್ಸ್ ಕಳಿಸಿದ್ದೇನೆ’ ಎಂಬ ಗುರುವಿನ ಸಂದೇಶವನ್ನು ತೆರೆಯದಿರುವುದು ಹೇಗೆ? ಆ ನಂಬಿಕೆಯನ್ನು ಅವನು ಗಳಿಸಿದ್ದಲ್ಲ, ನಾವು ಒಪ್ಪಿಸಿದ್ದು. ಆದ್ದರಿಂದ ಅವನ ಅಪರಾಧ ಎರಡು: ಮಗುವನ್ನು ನೋಯಿಸಿದ್ದು, ಅಮಾನತ್‌ಗೆ ದ್ರೋಹ ಬಗೆದದ್ದು.

ಆದರೂ ಆರೋಪಿ ಅಪರಾಧಿಯಲ್ಲ. ದುರುದ್ದೇಶ ಇತ್ತೆಂದೇ ಊಹಿಸಿಕೊಂಡು, ಇರಲಿಲ್ಲವೆಂದು ಸಾಬೀತುಪಡಿಸುವ ಹೊಣೆಯನ್ನು ಪೋಕ್ಸೋ ಆರೋಪಿಯ ಮೇಲೆಯೇ ಹೊರಿಸುತ್ತದೆ. ಇಷ್ಟು ಭಾರದ ಕಾನೂನಿರುವಾಗ ಬೀದಿಯೂ ತೀರ್ಪು ಕೊಡಬೇಕೇ? ಮತ್ತೊಬ್ಬರ ಕೈಗೆ ಸಿಕ್ಕಿದ ಮೊಬೈಲಿನಿಂದ ಹೋದ ಸಂದೇಶವೂ ಇರಬಹುದು. ಅದನ್ನು ತೀರ್ಮಾನಿಸಬೇಕಾದದ್ದು ತನಿಖೆಯೇ ಹೊರತು ಏಟುಗಳಲ್ಲ. ಆ ಯುವಕರು ಇನ್ನೊಂದನ್ನು ಮರೆತಿದ್ದರು: ಕೋಪದಿಂದಲೇ ಆದರೂ ಮಗುವಿನ ಇಂಥ ಚಿತ್ರವನ್ನು ಹಂಚುವುದು ಅಪರಾಧ, ಹಂಚಿದಷ್ಟೂ ಸಲ ಆ ಮಗು ಮತ್ತೆ ಗಾಯಗೊಳ್ಳುತ್ತದೆ.

ಹಿರಿಯರೂ ನಿರಪರಾಧಿಗಳಲ್ಲ. ವಿಷಯ ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಕೈಕೆಳಗಿನವರ ಕೃತ್ಯವನ್ನು ಮುಚ್ಚಿಡುವ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆಯಿದೆ. ಸಾಗಹಾಕಿದ ಶಿಕ್ಷಕ ಹೋಗುವ ಊರಿನಲ್ಲೂ ಮಕ್ಕಳಿದ್ದಾರಲ್ಲ!

ಆ ದಿನ ಕೊನೆಗೆ ತಾಯಿಯ ಜೊತೆ ಠಾಣೆಗೆ ಹೋದವರು ಮೂವರು. ನಾವೂ ಹೋದೆವು, ತಡವಾಗಿ. ಅದಕ್ಕೂ ಮೊದಲು ಒಂದು ಗಂಟೆ, ಶಾಲೆಯ ಮಾನದ ಬಗ್ಗೆ ಹಿರಿಯರು ಹೇಳಿದ್ದಕ್ಕೆಲ್ಲ ನಾವೂ ತಲೆಯಾಡಿಸಿದ್ದೆವು. ಒಪ್ಪಿಸಿದ ಒಡವೆ ಕಳೆದುಹೋದರೆ ನೆರೆಯವರು ಮನೆಯ ಮಾನದ ಮಾತಾಡುವುದಿಲ್ಲ, ಮೊದಲು ಒಡವೆ ಹುಡುಕುತ್ತಾರೆ. ಮಗುವಿನ ವಿಷಯದಲ್ಲಿ ನಮಗೇಕೆ ಅಷ್ಟೂ ಹೊಳೆಯಲಿಲ್ಲ?