ಹಳೇ ವಸ್ತ್ರಗಳ ಗಂಟು

ಓದತಕ್ಕ ಭಾಗ: ಯೆರೆಮೀಯನು ೩೮ನೇ ಅಧ್ಯಾಯ, ೭ನೇ ವಚನದಿಂದ ೧೩ರ ವರೆಗೆ.



ಸತ್ಯವೇದದಲ್ಲಿ ಅರಸರ ಉಡುಪುಗಳ ವರ್ಣನೆಯೂ ಮಹಾಯಾಜಕನ ನಿಲುವಂಗಿಯ ವರ್ಣನೆಯೂ ಇವೆ. ಹರಕು ಬಟ್ಟೆಗಳ ಸಂಗತಿಯೂ ಅದರಲ್ಲಿ ಬರೆದದೆ. ಯೆರೂಸಲೇಮಿನ ಅಧಿಪತಿಗಳು ಪ್ರವಾದಿಯಾದ ಯೆರೆಮೀಯನನ್ನು ಬಾವಿಯೊಳಗೆ ಇಳಿಸಿಬಿಟ್ಟರು. ಅದರಲ್ಲಿ ನೀರಿರಲಿಲ್ಲ, ಕೆಸರು ಮಾತ್ರವೇ ಇತ್ತು. ಪ್ರವಾದಿಯು ಅದರಲ್ಲಿ ಹೂತುಹೋದನು. ಆಗ ಕೂಷ್ಯನಾದ ಎಬೆದ್ಮೆಲೆಕನೆಂಬ ಅರಮನೆಯ ಸೇವಕನು ಅರಸನ ಅಪ್ಪಣೆಯನ್ನು ಪಡೆದು, ಬಾವಿಯ ಬಳಿಗೆ ಹೋಗುವದಕ್ಕೆ ಮುಂಚೆ ಅರಮನೆಯ ಉಗ್ರಾಣದ ಕೆಳಗಣ ಕೋಣೆಯನ್ನು ಹೊಕ್ಕನು. ಅಲ್ಲಿಂದ ಹಳೇ ಬಟ್ಟೆಗಳನ್ನೂ ಚಿಂದಿಗಳನ್ನೂ ತಕ್ಕೊಂಡು ಬಂದು ಹಗ್ಗದಿಂದ ಇಳಿಸಿ, ಅವುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಅದರ ಮೇಲೆ ಹಗ್ಗವನ್ನು ಹಾಕಿಕೊಳ್ಳಬೇಕೆಂದು ಪ್ರವಾದಿಗೆ ಹೇಳಿದನು.

ಇದನ್ನು ಸ್ವಲ್ಪ ಆಲೋಚಿಸೋಣ. ಕೆಸರಿನಲ್ಲಿ ಹೂತ ಮನುಷ್ಯನನ್ನು ಮೇಲಕ್ಕೆ ಎಳೆಯುವದಕ್ಕೆ ಹಗ್ಗ ಸಾಕು. ಆದರೆ ಎಬೆದ್ಮೆಲೆಕನು ಹಗ್ಗವನ್ನು ಮಾತ್ರವಲ್ಲ, ಹಗ್ಗವು ಒತ್ತುವ ಕಂಕುಳನ್ನೂ ನೆನಸಿದನು. ಅವನು ಇಳಿಸಿದ್ದು ಚಿಂದಿಯೇ ಸರಿ. ಆದರೆ ಅದು ತಕ್ಕ ಕೆಲಸಕ್ಕೆ ತಕ್ಕ ವೇಳೆಯಲ್ಲಿ ಬಂದ ಚಿಂದಿ. ಹಳೇ ವಸ್ತ್ರವನ್ನು ಕೊಡುವವನು ವಸ್ತ್ರವನ್ನು ನೋಡುವದಕ್ಕೆ ಮೊದಲು ಅದನ್ನು ಉಡುವ ಶರೀರವನ್ನು ನೋಡಬೇಕು. ಈ ಸಂಗತಿಯಿಂದ ನಾವು ಕಲಿಯತಕ್ಕದ್ದು ಇದೇ.

ಈ ಪಾಠವು ಬೇರೆಯವರಿಗಿಂತಲೂ ನಮ್ಮ ಹಳ್ಳಿಯ ಸಭೆಗಳಿಗೆ ಬೇಗ ತಿಳಿಯತಕ್ಕದ್ದು. ಯಾಕಂದರೆ ಹಳೇ ಬಟ್ಟೆಯ ಭಾರವೆಷ್ಟೆಂಬದು ನಮ್ಮ ಹಿರಿಯರಲ್ಲಿ ಅನೇಕರಿಗೆ ಗೊತ್ತಿತ್ತು. ಮನುಸ್ಮೃತಿಯ ೧೦ನೇ ಅಧ್ಯಾಯವು ಚಂಡಾಲರಿಗೆ ಸತ್ತವರ ಬಟ್ಟೆಯೇ ಉಡುಪಾಗಿರಬೇಕೆಂದು ವಿಧಿಸಿತು. ಆ ಗ್ರಂಥವನ್ನು ಡಾಕ್ಟರ್ ಅಂಬೇಡ್ಕರರೂ ಅವರ ಸಂಗಡಿಗರೂ ೧೯೨೭ನೇ ಡಿಸೆಂಬರ್ ೨೫ರಲ್ಲಿ ಮಹಾಡಿನಲ್ಲಿ ಬಹಿರಂಗವಾಗಿ ಸುಟ್ಟರು. ಜೀತಪದ್ಧತಿಯು ೧೯೭೬ರ ಕಾನೂನಿನಿಂದ ರದ್ದಾಯಿತು. ಆದರೆ ಒಡೆಯನ ಹಿತ್ತಲ ಬಾಗಿಲಲ್ಲಿ ನಿಂತು, ಕೈಗೆ ಕೈ ತಾಕದ ಹಾಗೆ ಮೇಲಿನಿಂದ ಎಸೆದ ಹಳೇ ಪಂಚೆಯನ್ನು ಸೆರಗೊಡ್ಡಿ ಹಿಡಿದವರ ಮಕ್ಕಳೂ ಮೊಮ್ಮಕ್ಕಳೂ ಇಂದು ನಮ್ಮ ಸಭೆಗಳಲ್ಲಿ ಕೂತಿದ್ದಾರೆ. ಅವರನ್ನು ನೋಯಿಸಿದ್ದು ಬಟ್ಟೆಯ ಹಳೇತನವಲ್ಲ; ಎಸೆದ ಕೈಯೇ.

ಹಾಗಾದರೆ ಹಳೇ ವಸ್ತ್ರವನ್ನು ಯಾರಿಗೂ ಕೊಡಬಾರದೋ? ಹಾಗಲ್ಲ. ಬಟ್ಟೆಯಿಲ್ಲದ ಸಹೋದರನಿಗೆ ಒಳ್ಳೇ ಮಾತನ್ನು ಮಾತ್ರ ಹೇಳಿ ಕಳುಹಿಸಿಬಿಟ್ಟರೆ ಪ್ರಯೋಜನವೇನೆಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಕೇಳುತ್ತಾನೆ. ಕೊಡಲೇಬೇಕು, ಆದರೆ ಕೊಡುವ ರೀತಿಯನ್ನು ಕಲಿತು ಕೊಡಬೇಕು.

ಪಶ್ಚಿಮ ದೇಶಗಳಲ್ಲಿ ಇದಕ್ಕೋಸ್ಕರ ಧರ್ಮದ ಅಂಗಡಿಗಳು ಉಂಟು. ಜನರು ತಾವು ಉಟ್ಟು ಬಿಟ್ಟ ವಸ್ತ್ರಗಳನ್ನು ಅಲ್ಲಿಗೆ ತಂದುಕೊಡುತ್ತಾರೆ; ಅಂಗಡಿಯವರು ಅವುಗಳನ್ನು ಅಲ್ಪ ಬೆಲೆಗೆ ಮಾರಿ ಬಂದ ಹಣವನ್ನು ಉಪಕಾರಕ್ಕೆ ಉಪಯೋಗಿಸುತ್ತಾರೆ. ಅಮೇರಿಕದ ಬಾಸ್ಟನ್ ಪಟ್ಟಣದಲ್ಲಿ ಮೆಥೊಡಿಸ್ಟ್ ಸಭೆಯ ಬೋಧಕರಾದ ಎಡ್ಗರ್ ಹೆಲ್ಮ್ಸ್ ಎಂಬವರು ೧೯೦೨ರಲ್ಲಿ ಇಂಥ ಕೆಲಸಕ್ಕೆ ಕೈಹಾಕಿದರು. ಅವರು ಐಶ್ವರ್ಯವಂತರ ಬೀದಿಗಳಿಂದ ಹಳೇ ಸಾಮಾನುಗಳನ್ನು ಗೋಣಿಚೀಲಗಳಲ್ಲಿ ಕೂಡಿಸಿದರು. ಆದರೆ ಅವುಗಳನ್ನು ಹಾಗೆಯೇ ಬಡವರ ಮುಂದೆ ಸುರಿಯಲಿಲ್ಲ. ಕೆಲಸವಿಲ್ಲದವರಿಗೆ ಕೂಲಿ ಕೊಟ್ಟು ಅವುಗಳನ್ನು ಹೊಲಿಸಿದರು, ಸರಿಮಾಡಿಸಿದರು, ಆ ಮೇಲೆ ಮಾರಿಸಿದರು. ಹೀಗೆ ಒಬ್ಬನಿಗೆ ಕೆಲಸ ದೊರೆಯಿತು. ಮತ್ತೊಬ್ಬನು ಬೇಡುವವನಾಗಿ ಅಲ್ಲ, ಕೊಳ್ಳುವವನಾಗಿ ತನಗೆ ಒಪ್ಪುವದನ್ನು ಆರಿಸಿಕೊಂಡನು. ಆರಿಸಿಕೊಳ್ಳುವ ಹಕ್ಕು ಸಣ್ಣದಲ್ಲ. ನಮ್ಮ ಹಿರಿಯರಿಗೆ ಅದೇ ಇರಲಿಲ್ಲ.

ಆದರೆ ಆಲೋಚನೆಯಿಲ್ಲದೆ ಕೊಟ್ಟದ್ದು ಎಲ್ಲಿಗೆ ಹೋಗುತ್ತದೆಂಬದನ್ನೂ ತಿಳಿಯತಕ್ಕದ್ದು. ಆ ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ ಬಟ್ಟೆಗಳಲ್ಲಿ ಬಹಳಷ್ಟನ್ನು ತೂಕದ ಲೆಕ್ಕದಲ್ಲಿ ವರ್ತಕರಿಗೆ ಕೊಟ್ಟು ಹಡಗುಗಳಲ್ಲಿ ಬಡ ದೇಶಗಳಿಗೆ ಕಳುಹಿಸುತ್ತಾರೆ. ಆಫ್ರಿಕದ ಘಾನಾ ದೇಶದ ಅಕ್ರಾ ಪಟ್ಟಣದಲ್ಲಿ ಕಾಂಟಮಾಂಟೊ ಎಂಬ ದೊಡ್ಡ ಪೇಟೆಯುಂಟು. ಅಲ್ಲಿನ ಬಡ ವ್ಯಾಪಾರಿಗಳು ಸಾಲಮಾಡಿಯಾದರೂ ಬಿಗಿದ ಮೂಟೆಗಳನ್ನು ಒಳಗೆ ನೋಡದೆಯೇ ಕೊಳ್ಳುತ್ತಾರೆ. ಬಿಚ್ಚಿದಾಗ ಕಲೆಯಾದದ್ದೂ ಹರಿದದ್ದೂ ಸಿಕ್ಕಿದರೆ ನಷ್ಟವು ಅವರದೇ. ಮಾರಲಾರದ ಬಟ್ಟೆಯು ಚರಂಡಿಗಳನ್ನು ಸೇರಿ ಸಮುದ್ರದ ದಡದಲ್ಲಿ ರಾಶಿಬೀಳುತ್ತದೆ. ಈ ಬಟ್ಟೆಗಳಿಗೆ ಆ ಜನರು ಇಟ್ಟ ಹೆಸರು ‘ಒಬ್ರೋನಿ ವಾವು’, ಅಂದರೆ ಸತ್ತ ಬಿಳಿಯನ ಬಟ್ಟೆ.

ದೂರದ ಮಾತೇಕೆ? ೨೦೦೪ನೇ ಡಿಸೆಂಬರ್ ೨೬ರಲ್ಲಿ ಸಮುದ್ರವು ಉಕ್ಕಿ ತಮಿಳುನಾಡಿನ ನಾಗಪಟ್ಟಣದ ಕರಾವಳಿಯನ್ನು ಹಾಳುಮಾಡಿದಾಗ ದೇಶದ ಎಲ್ಲಾ ಕಡೆಗಳಿಂದ ವಸ್ತ್ರಗಳು ಬಂದವು. ಕೊಟ್ಟವರ ಮನಸ್ಸು ಒಳ್ಳೇದೇ. ಆದರೂ ಬೆಸ್ತರ ಕುಟುಂಬಗಳಿಗೆ ಉಪಯೋಗಕ್ಕೆ ಬಾರದ ಬಟ್ಟೆಗಳು ರಸ್ತೆಯ ಬದಿಗಳಲ್ಲಿ ರಾಶಿರಾಶಿಯಾಗಿ ಬಿದ್ದವು. ಮನೆಯನ್ನೂ ಮಕ್ಕಳನ್ನೂ ಕಳಕೊಂಡ ತಾಯಿಯು ಪರರ ಹರಕುಗಳ ರಾಶಿಯಲ್ಲಿ ಕೈಯಾಡಿಸಿ ಹುಡುಕಬೇಕಾದರೆ ಅವಳ ದುಃಖಕ್ಕೆ ಅವಮಾನವು ಕೂಡಿಕೊಳ್ಳುವದಿಲ್ಲವೇ?

ಹೀಗಿರಲಾಗಿ, ಪ್ರಳಯದವರಿಗೋ ಅನಾಥಶಾಲೆಗೋ ಪಟ್ಟಣದ ಧರ್ಮದ ಅಂಗಡಿಗೋ ಕಳುಹಿಸುವದಕ್ಕೆ ನಮ್ಮ ಸಭೆಯಲ್ಲಿ ವಸ್ತ್ರಗಳನ್ನು ಕೂಡಿಸುವಾಗ ಪ್ರತಿಯೊಂದು ಮನೆಯಲ್ಲಿ ಮೂರು ಗಂಟುಗಳಾಗಿ ವಿಂಗಡಿಸೋಣ.

ಮೊದಲನೇದು, ಉಡಲು ಯೋಗ್ಯವಾದವುಗಳ ಗಂಟು. ಕುರುಡಾದ ಮತ್ತು ಕುಂಟಾದ ಪಶುಗಳನ್ನು ದೇವರಿಗೆ ಅರ್ಪಿಸುತ್ತಿದ್ದ ಜನರಿಗೆ, ಅಂಥದನ್ನು ನಿಮ್ಮ ದೇಶಾಧಿಪತಿಗೆ ಕೊಟ್ಟು ನೋಡಿರಿ ಎಂಬ ಅರ್ಥದಲ್ಲಿ ಮಲಾಕಿಯನು ಎಚ್ಚರಿಸಿದನು. ನಮ್ಮ ಪರೀಕ್ಷೆಯೂ ಹಾಗೆಯೇ ಇರಲಿ: ಈ ಅಂಗಿಯನ್ನು ನಮ್ಮ ಮಗನಿಗೆ ತೊಡಿಸಿ ಕರ್ತನ ದಿನದಲ್ಲಿ ದೇವಾಲಯಕ್ಕೆ ಕರಕೊಂಡು ಹೋಗುವೆವೋ? ಹೋಗುವೆವಾದರೆ ಕೊಡೋಣ. ಬಟ್ಟೆಯನ್ನು ಬೆಳಕಿಗೆ ಹಿಡಿದು ಕುತ್ತಿಗೆಯನ್ನೂ ಕಂಕುಳನ್ನೂ ಹೊಲಿಗೆಯನ್ನೂ ನೋಡಬೇಕು. ಗುಂಡಿ ಹೋಗಿದ್ದರೆ ಹಚ್ಚಬೇಕು. ಲಂಗಕ್ಕೆ ಲಾಡಿಯನ್ನು ಪೋಣಿಸಬೇಕು. ಸೀರೆಯ ಸಂಗಡ ಅದರ ಕುಪ್ಪಸವನ್ನು ಇಡಬೇಕು. ಒಗೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು; ಒಂದು ಹಸೀ ಬಟ್ಟೆಯು ಬೂಷ್ಟು ಹಿಡಿದು ಮೂಟೆಯನ್ನೆಲ್ಲಾ ಕೆಡಿಸುವದು. ಉಟ್ಟ ಒಳಉಡುಪುಗಳನ್ನು ಯಾರಿಗೂ ಕೊಡಬಾರದು. ಪಡೆಯುವವರ ದೇಶವನ್ನೂ ಕಾಲವನ್ನೂ ವಾಡಿಕೆಯನ್ನೂ ವಿಚಾರಿಸಬೇಕು. ಉಣ್ಣೆಯ ಅಂಗಿಯು ಚಳಿಯ ಸೀಮೆಯಲ್ಲಿ ಆಶೀರ್ವಾದ, ಸೆಕೆಯ ಸೀಮೆಯಲ್ಲಿ ಹೊರೆ.

ಎರಡನೇದು, ಉಡಲಾರದ ಆದರೆ ಉಪಯೋಗಕ್ಕೆ ಬರುವವುಗಳ ಗಂಟು. ಇದನ್ನು ದಾನದ ವಸ್ತ್ರವೆಂದು ಕರೆಯಬಾರದು. ಚಿಂದಿಯೆಂತಲೇ ಕರೆದು ಚಿಂದಿಯ ಕೆಲಸಕ್ಕೆ ಇಡಬೇಕು. ಹಳೇ ಸೀರೆಗಳನ್ನು ಪದರಪದರವಾಗಿ ಕೂಡಿಸಿ ಕೌದಿ ಹೊಲಿಯುವ ವಿದ್ಯೆಯು ನಮ್ಮ ಅಜ್ಜಿಯರಿಂದ ಬಂದದೆ. ಮೆತ್ತಗಾದ ನೂಲಿನ ಬಟ್ಟೆಯು ಕೂಸಿಗೆ ಹೊಸ ಬಟ್ಟೆಗಿಂತ ಹಿತ. ಹರಿಯಾಣದ ಪಾಣಿಪತ್ತಿನಲ್ಲಿ ಹಳೇ ಉಣ್ಣೆಬಟ್ಟೆಗಳನ್ನು ಹರಿದು ನೂಲುಮಾಡಿ ಕಂಬಳಿಗಳನ್ನು ನೇಯುತ್ತಾರೆ. ೧೯೯೯ರಲ್ಲಿ ದೆಹಲಿಯಲ್ಲಿ ಆರಂಭವಾದ ಗೂಂಜ್ ಎಂಬ ಸಂಸ್ಥೆಯವರು ಶುದ್ಧವಾದ ಹಳೇ ನೂಲಿನ ಬಟ್ಟೆಯಿಂದ ಸ್ತ್ರೀಯರ ತಿಂಗಳ ದಿನಗಳಿಗೆ ಬೇಕಾದ ವಸ್ತ್ರವನ್ನು ಸಿದ್ಧಮಾಡುತ್ತಾರೆ. ಊರವರು ಬಾವಿಯನ್ನೋ ದಾರಿಯನ್ನೋ ತಾವೇ ಕೂಡಿ ಮಾಡಿಕೊಂಡಾಗ ಆ ಕೆಲಸಕ್ಕೆ ಗೌರವವಾಗಿ ಉಡುವ ಬಟ್ಟೆಗಳನ್ನು ಕೊಡುತ್ತಾರೆ. ಎಬೆದ್ಮೆಲೆಕನ ಚಿಂದಿಯಂತೆ, ಸ್ಥಳವನ್ನರಿತು ಇಟ್ಟರೆ ತುಂಡು ಬಟ್ಟೆಯೂ ಸೇವೆಯಾಗುವದು.

ಮೂರನೇದು, ಈಗಲೇ ಕೊಡಲಾರದವುಗಳ ಗಂಟು. ಗಂಡನು ತೀರಿಹೋದ ಮನೆಯಲ್ಲಿ ಅವನ ಅಂಗಿಯು ಇನ್ನೂ ಗೂಟದಲ್ಲಿ ತೂಗುತ್ತಿರುವದು. ಅದನ್ನು ಕೊಟ್ಟುಬಿಡೆಂದು ವಿಧವೆಯನ್ನು ಯಾರೂ ಅವಸರಪಡಿಸಬಾರದು. ಯೊಪ್ಪದಲ್ಲಿ ದೊರ್ಕಳು ಸತ್ತಾಗ ವಿಧವೆಯರು ಅವಳು ಹೊಲಿದಿದ್ದ ಅಂಗಿಗಳನ್ನು ಪೇತ್ರನಿಗೆ ತೋರಿಸುತ್ತಾ ಅತ್ತರು. ಅಪೊಸ್ತಲನು ಅವರನ್ನು ಗದರಿಸಲಿಲ್ಲ. ಕಾಲವು ಬಂದಾಗ ಆ ಸಹೋದರಿಯು ತಾನಾಗಿ ಅದನ್ನು ಒಗೆದು ಮಡಿಚಿ ತಂದರೆ, ಅದು ಮನುವಿನ ವಿಧಿಯು ಬಲಾತ್ಕಾರದಿಂದ ಉಡಿಸಿದ ಸತ್ತವರ ಬಟ್ಟೆಯಾಗಿರುವದಿಲ್ಲ. ಪ್ರೀತಿಯು ಪ್ರೀತಿಗೆ ಒಪ್ಪಿಸಿದ ವಸ್ತ್ರವಾಗಿರುವದು.

ಕಡೆಗೆ ಒಂದು ಮಾತು. ಈ ಮೂರು ಗಂಟುಗಳನ್ನು ಕಟ್ಟಿದ ಮೇಲೆ ಪೆಟ್ಟಿಗೆಯಲ್ಲಿ ಉಳಿದವುಗಳನ್ನೂ ನೋಡೋಣ. ಸ್ನಾನಿಕನಾದ ಯೋಹಾನನು ಎರಡು ಅಂಗಿಗಳುಳ್ಳವನ ಸಂಗಡ ಮಾತಾಡುವಾಗ ಹಳೇದನ್ನು ಕೊಡು, ಹೊಸದನ್ನು ಇಟ್ಟುಕೋ ಎಂದು ವಿಂಗಡಿಸಲಿಲ್ಲ. ಇಲ್ಲದವನಿಗೆ ಒಂದನ್ನು ಕೊಡಲಿ ಎಂದಷ್ಟೇ ಬೋಧಿಸಿದನು. ಹಬ್ಬಕ್ಕೆ ಒಂದು ಸಾರಿ ಉಟ್ಟು ಮಡಿಚಿಟ್ಟ ಸೀರೆಯು ಪೆಟ್ಟಿಗೆಯಲ್ಲಿ ನುಸಿಗೆ ಆಹಾರವಾಗುವಾಗ, ಅದನ್ನು ಉಡತಕ್ಕ ಸಹೋದರಿಯು ನಮ್ಮ ಕೇರಿಯಲ್ಲಿಯೇ ಇರಬಹುದು. ಕೊಡುವಾಗ ಹಿತ್ತಲಿಗೆ ಕರೆಯದೆ ಪಡಸಾಲೆಗೆ ಕರೆದು ಕೂಡ್ರಿಸಿ, ಎರಡು ಕೈಗಳಿಂದ ಕೊಟ್ಟು, ಕೊಟ್ಟದ್ದನ್ನು ಊರಲ್ಲಿ ಹೇಳದಿರೋಣ.

ಬೆತ್ಲೆಹೇಮಿನಲ್ಲಿ ಬಟ್ಟೆಯಿಂದ ಸುತ್ತಲ್ಪಟ್ಟು ಗೋದಲಿಯಲ್ಲಿ ಮಲಗಿದ ಕರ್ತನು, ಶಿಲುಬೆಯ ಬಳಿಯಲ್ಲಿ ಸಿಪಾಯಿಗಳು ತನ್ನ ಅಂಗಿಗೋಸ್ಕರ ಚೀಟು ಹಾಕುವದನ್ನು ಸಹಿಸಿದ ಕರ್ತನು, ಬಟ್ಟೆಯಿಲ್ಲದವರಲ್ಲಿ ತನ್ನನ್ನು ಕಾಣುವ ಕಣ್ಣುಗಳನ್ನೂ, ಎಸೆಯದೆ ಕೊಡುವ ಕೈಗಳನ್ನೂ ನಮಗೆ ದಯಪಾಲಿಸಲಿ. ಆಮೆನ್.